ಮುಂದೆ ನಡೆಯುವವನ ಹಿಂದೆ



ಕನ್ನಡ ಪಂಡಿತನಾದ ನಾನು ವ್ಯಾಕರಣವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ಮಾತನಾಡುತ್ತೇನೆಂದು ನೀವು ಎಣಿಸಿದ್ದರೆ ಅದು ನ್ಯಾಯವೇ. ಆದರೆ ಇಂದು ನಿಮ್ಮನ್ನು ಆಫ್ರಿಕದ ಒಂದು ಕಾಡಿಗೆ, ಅದೂ ಕಾಲುನಡಿಗೆಯಲ್ಲಿ, ಕರೆದುಕೊಂಡು ಹೋಗಬೇಕಾಗಿದೆ. ಅದಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ.

ಒಂದು ಭಾನುವಾರ ಬೆಳಗ್ಗೆ ಆಕೆ ನಮ್ಮ ಮನೆಗೆ ಬಂದರು. ಕೈಯಲ್ಲಿ ವೃತ್ತಪತ್ರಿಕೆಯ ಒಂದು ತುಣುಕು. ನನ್ನ ಮುಂದೆ ಅದನ್ನಿಟ್ಟು, "ಓದಿ ನೋಡಿ ಮೇಷ್ಟ್ರೇ, ಆಮೇಲೆ ನಿಮ್ಮ ಶಿಷ್ಯನಿಗೆ ಬುದ್ಧಿ ಹೇಳಿ" ಎಂದರು. ಸುದ್ದಿ ಇಷ್ಟು: 2025ರ ಜುಲೈ ತಿಂಗಳಲ್ಲಿ ಜಾಂಬಿಯ ದೇಶದ ದಕ್ಷಿಣ ಲುವಾಂಗ್ವ ರಾಷ್ಟ್ರೀಯ ಉದ್ಯಾನದಲ್ಲಿ, ದಾರಿತೋರುವವರೊಡನೆ ನಡೆದು ಹೋಗುತ್ತಿದ್ದ ಇಬ್ಬರು ಮಹಿಳೆಯರನ್ನು ಮರಿಯಿದ್ದ ಹೆಣ್ಣಾನೆಯೊಂದು ಕೊಂದಿತು. ಒಬ್ಬರು ಬ್ರಿಟನ್ನಿನವರು, ಇನ್ನೊಬ್ಬರು ನ್ಯೂಜಿಲೆಂಡಿನವರು. ಇಬ್ಬರಿಗೂ ಅರವತ್ತು ದಾಟಿತ್ತು. ಜೊತೆಗಿದ್ದವರು ಗುಂಡು ಹಾರಿಸಿದರು. ಆನೆಗೆ ಗಾಯವೂ ಆಯಿತು. ಆದರೂ ಅದು ನಿಲ್ಲಲಿಲ್ಲ.

"ಹೋದ ವರ್ಷ ನನ್ನ ಮಗ ನಡೆದು ಬಂದದ್ದು ಇದೇ ಕಾಡಿನಲ್ಲಂತೆ. ಈಗ ಹೆಂಡತಿಯನ್ನೂ ಕರೆದುಕೊಂಡು ಮತ್ತೆ ಹೋಗುತ್ತಾನಂತೆ. ದುಡ್ಡು ಕೊಟ್ಟು ಆನೆಯ ಕಾಲಡಿಗೆ ಹೋಗುವವರನ್ನು ಏನೆನ್ನಬೇಕು, ನೀವೇ ಹೇಳಿ!"

ಆಕೆಯ ಪ್ರಶ್ನೆಗೆ ಒಡನೆಯೇ ಉತ್ತರ ಕೊಡುವುದು ಸುಲಭವಾಗಿತ್ತು. "ಹೋಗಬೇಡವೆಂದು ಹೇಳುತ್ತೇನೆ ತಾಯಿ" ಎಂದಿದ್ದರೆ ಕಾಫಿ ಕುಡಿದು ಸಮಾಧಾನದಿಂದ ಹೊರಡುತ್ತಿದ್ದರು. ಆದರೆ ತಿಳಿಯದ ವಿಷಯದಲ್ಲಿ ತೀರ್ಪು ಕೊಡುವುದು ಉಪಾಧ್ಯಾಯನಿಗೆ ಸಲ್ಲದು. ಒಂದು ವಾರ ಅವಕಾಶ ಕೇಳಿದೆ. ಹುಡುಗನನ್ನು ಕರೆಸಿ ಅವನ ಮಾತು ಕೇಳಿದೆ. ಸಿಕ್ಕಿದ ಪುಸ್ತಕಗಳನ್ನು ಓದಿದೆ. ಹಾಗೆ ತಿಳಿದದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಪಂಡಿತನ ಚಾಳಿ, ಬಿಡದು. 'ಸಫಾರಿ' ಎಂಬ ಮಾತನ್ನು ನಮ್ಮ 'ಸವಾರಿ'ಯ ತಮ್ಮನೆಂದು ತಿಳಿಯುವವರುಂಟು. ಅದು ಹಾಗಲ್ಲ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ. ಅದಕ್ಕೆ ಮೂಲ ಅರಬ್ಬಿಯ 'ಸಫರ್'. ನಮ್ಮ ಊರುಗಳ ಮುಸಾಫರಖಾನೆಯೂ ಅದೇ ಬೇರಿನಿಂದ ಚಿಗುರಿದ್ದು. ಹೀಗೆ ನೋಡಿದರೆ ಜೀಪಿನಲ್ಲಿ ಕುಳಿತು ಪ್ರಾಣಿ ನೋಡುವುದು ಆ ಮಾತಿಗೆ ಬಂದ ಹೊಸ ಅರ್ಥ. ನಡೆದು ಹೋಗುವುದೇ ಹಳೆಯದು.

ಆದರೆ ಹಳೆಯ ನಡಿಗೆ ಬೇಟೆಯ ನಡಿಗೆಯಾಗಿತ್ತು. ನಮ್ಮ ಕಾವ್ಯಗಳಲ್ಲಿಯೂ ಅರಸರು ಕಾಡಿಗೆ ಹೋಗುವುದು ಬೇಟೆಗೇ. ರಾಘವಾಂಕನ ಹರಿಶ್ಚಂದ್ರನಿಗೆ ಕಷ್ಟಗಳ ಬಾಗಿಲು ತೆರೆದದ್ದು ಬೇಟೆಗೆಂದು ಹೋದ ಕಾಡಿನಲ್ಲಿ ಎಂಬುದನ್ನು ನೀವು ಬಲ್ಲಿರಿ. ಬಂದೂಕು ಹಿಡಿದು ನಡೆಯುತ್ತಿದ್ದ ಕಾಡಿನಲ್ಲಿ ಬರಿಗೈಯಲ್ಲಿ, ಬರಿದೆ ನೋಡುವುದಕ್ಕಾಗಿ ನಡೆಯಬಹುದೆಂಬುದು ತೀರ ಈಚಿನ ಆಲೋಚನೆ. ಲುವಾಂಗ್ವ ಕಣಿವೆಯಲ್ಲಿ ಇದನ್ನು ರೂಢಿಗೆ ತಂದವರು ನಾರ್ಮನ್ ಕಾರ್ ಎಂಬ ಅರಣ್ಯಾಧಿಕಾರಿ. ಆಗ ಆ ದೇಶಕ್ಕೆ ಉತ್ತರ ರೊಡೀಷಿಯ ಎಂದು ಹೆಸರು. 1950ರಲ್ಲಿ ಅವರು ಅಲ್ಲಿಯ ಎನ್ಸೆಫು ಎಂಬ ಹಿರಿಯ ನಾಯಕನನ್ನು ಒಪ್ಪಿಸಿ, ನದಿಯ ದಂಡೆಯ ಮೇಲೆ ಪ್ರವಾಸಿಗಳಿಗಾಗಿ ಒಂದು ಬಿಡಾರ ಕಟ್ಟಿಸಿದರು. ಪ್ರವಾಸಿಗಳು ಕೊಟ್ಟ ಹಣ ಆ ನಾಯಕನ ಜನಕ್ಕೆ ಸಲ್ಲಬೇಕೆಂಬುದು ಕರಾರು. ಆನೆಯನ್ನು ಕೊಂದರೆ ಒಂದು ಸಲ ಹಣ. ತೋರಿಸಿದರೆ ವರ್ಷ ವರ್ಷವೂ ಹಣ. ಇಷ್ಟು ಸರಳವಾದ ಲೆಕ್ಕ. 1960ರ ದಶಕದ ಆರಂಭಕ್ಕೆ ಅಲ್ಲಿ ದಿನಗಟ್ಟಲೆ ಕಾಲುನಡಿಗೆಯಲ್ಲಿ ಹೋಗುವ ಪ್ರವಾಸಗಳು ನೆಲೆಗೊಂಡವು. 1964ರಲ್ಲಿ ದೇಶ ಸ್ವತಂತ್ರವಾಗಿ ಜಾಂಬಿಯ ಎನಿಸಿತು. 1972ರಲ್ಲಿ ದಕ್ಷಿಣ ಲುವಾಂಗ್ವ ರಾಷ್ಟ್ರೀಯ ಉದ್ಯಾನವಾಯಿತು. ಅದರ ವಿಸ್ತಾರ 9,050 ಚದರ ಕಿಲೋಮೀಟರು. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದ ಸುಮಾರು ಹತ್ತರಷ್ಟು.

ಅದೇ ಸುಮಾರಿಗೆ ದಕ್ಷಿಣ ಆಫ್ರಿಕದಲ್ಲಿಯೂ ಇಂಥದೇ ಪ್ರಯತ್ನ ನಡೆಯಿತು. ಉಮ್ಫೊಲೋಜಿ ಎಂಬ ಕಾಡಿನಲ್ಲಿ 1959ರ ಮಾರ್ಚಿಯಲ್ಲಿ ಇಯಾನ್ ಪ್ಲೇಯರ್ ಎಂಬ ಅಧಿಕಾರಿ ಮೊದಲ ನಡಿಗೆಯ ತಂಡವನ್ನು ಕರೆದೊಯ್ದರು. ಅವರೊಡನೆ ದಾರಿ ತೋರಿದವರು ಮಗ್ಕುಬು ನ್ತೊಂಬೆಲಾ ಎಂಬ ಜೂಲು ಜನಾಂಗದ ಹಿರಿಯರು. ಕಚೇರಿಯ ಲೆಕ್ಕದಲ್ಲಿ ಪ್ಲೇಯರ್ ಮೇಲಿನವರು, ಮಗ್ಕುಬು ಕೈಕೆಳಗಿನವರು. ಆದರೆ ಶಾಲೆಯ ಮೆಟ್ಟಿಲು ಹತ್ತದ ಆ ಮುದುಕರನ್ನು ಪ್ಲೇಯರ್ ಕೊನೆಯವರೆಗೂ ತಮ್ಮ ಗುರುವೆಂದೇ ಕರೆದರು. ಅವರನ್ನು ಕುರಿತು ಪುಸ್ತಕವನ್ನೂ ಬರೆದರು. ವರ್ಣಭೇದ ಕಾನೂನಾಗಿದ್ದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಕಾಡಿನಲ್ಲಿ ಯಾರ ಹಿಂದೆ ಯಾರು ನಡೆಯಬೇಕೆಂಬುದನ್ನು ಪದವಿ ನಿಶ್ಚಯಿಸುವುದಿಲ್ಲ, ತಿಳಿವಳಿಕೆ ನಿಶ್ಚಯಿಸುತ್ತದೆ.

ಈಗ ಲುವಾಂಗ್ವದ ನಡಿಗೆ ಹೇಗಿರುತ್ತದೆಂಬುದನ್ನು ನೋಡೋಣ. ಮಳೆಗಾಲದಲ್ಲಿ ನದಿ ಉಕ್ಕಿ ಬಯಲನ್ನೆಲ್ಲ ಮುಳುಗಿಸುತ್ತದೆ. ಹುಲ್ಲು ಆಳೆತ್ತರ ಬೆಳೆಯುತ್ತದೆ. ಆಗ ನಡೆಯುವುದು ಸಲ್ಲದು. ಹುಲ್ಲು ಒಣಗಿ ತಗ್ಗುವ ಜೂನ್ ತಿಂಗಳಿಂದ ಅಕ್ಟೋಬರ್‌ವರೆಗೆ ನಡಿಗೆಯ ಕಾಲ. ಕಾಡೊಳಗಿನ ಹುಲ್ಲು-ಗಳುವಿನ ಬಿಡಾರಗಳನ್ನು ಪ್ರತಿವರ್ಷವೂ ಹೊಸದಾಗಿ ಕಟ್ಟುತ್ತಾರೆ.

ಬೆಳಗ್ಗೆ ಆರರ ಹೊತ್ತಿಗೆ ಹೊರಟು ಬಿಸಿಲೇರುವ ಮುನ್ನ ಬಿಡಾರ ಸೇರಬೇಕು. ಆರೆಂಟು ಜನಕ್ಕಿಂತ ಹೆಚ್ಚಿಲ್ಲದ ತಂಡ ಒಬ್ಬರ ಹಿಂದೆ ಒಬ್ಬರಂತೆ ಸಾಲಾಗಿ ನಡೆಯುತ್ತದೆ. ಮುಂದೆ ಬಂದೂಕು ಹಿಡಿದ ಕಾವಲುಗಾರ. ಆತ ಪ್ರವಾಸದ ಕಂಪನಿಯವನಲ್ಲ, ಸರ್ಕಾರದ ವನ್ಯಜೀವಿ ಇಲಾಖೆಯವನು. ಅವನ ಹಿಂದೆ ದಾರಿತೋರುವವನು. ಆಮೇಲೆ ಅತಿಥಿಗಳು. ಎಲ್ಲರಿಗಿಂತ ಹಿಂದೆ ಚಹಾದ ಸಾಮಾನು ಹೊತ್ತ ಒಬ್ಬ. ಅವನ ಕಣ್ಣು ಸಾಲಿನ ಬೆನ್ನಿನ ಮೇಲೆ. ಬಿಳಿಯ ಬಟ್ಟೆ ಬೇಡ, ದೂರಕ್ಕೆ ಕಾಣುತ್ತದೆ. ಕಡುನೀಲಿ, ಕಪ್ಪು ಬೇಡ. ತ್ಸೆ ತ್ಸೆ ನೊಣಕ್ಕೆ ಆ ಬಣ್ಣಗಳೆಂದರೆ ಪ್ರೀತಿ. ಮಾತು ಬೇಡ. ಮುಂದಿನವನು ಕೈಯೆತ್ತಿದರೆ ಎತ್ತಿದ ಹೆಜ್ಜೆಯನ್ನು ಅಲ್ಲೇ ಇಳಿಸಿ ನಿಲ್ಲಬೇಕು. ಕೊನೆಯದಾಗಿ, ಅಪ್ಪಣೆಯಿಲ್ಲದೆ ಯಾವ ಕಾರಣಕ್ಕೂ ಓಡಕೂಡದು. ಓಡುವುದೆಲ್ಲ ಸಿಂಹದ ಕಣ್ಣಿಗೆ ಬೇಟೆ.

ದಾರಿತೋರುವವನಾಗುವುದು ಸುಲಭವಲ್ಲ. ಲಿಖಿತ ಪರೀಕ್ಷೆಯುಂಟು, ಕಾಡಿನಲ್ಲಿ ನಡೆಸಿ ನೋಡುವ ಪರೀಕ್ಷೆಯುಂಟು, ಅನುಭವಸ್ಥರ ಕೈಕೆಳಗೆ ಉಮೇದುವಾರಿಯುಂಟು. ನೆರೆಯ ಜಿಂಬಾಬ್ವೆಯಲ್ಲಂತೂ ಪೂರ್ಣ ಪರವಾನಗಿ ಕೈಗೆ ಬರುವಷ್ಟರಲ್ಲಿ ಹಲವು ವರ್ಷಗಳೇ ಕಳೆಯುತ್ತವೆ. ಇಷ್ಟೆಲ್ಲ ಕಲಿಯುವುದು ಏನನ್ನು? ಗುಂಡು ಹೊಡೆಯುವುದು ಅದರಲ್ಲಿ ಒಂದು ಸಣ್ಣ ಪಾಠ. ಉಳಿದುದೆಲ್ಲ ಓದುವುದನ್ನು ಕಲಿಯುವುದೇ.

ಹೌದು, ಓದು. ನೆಲದ ಮೇಲೆ ಎರಡು ಸಮನಾದ ಗಾಡಿಜಾಡಿನಂಥ ಗೆರೆ, ನಡುವೆ ದಿಬ್ಬ ಕಂಡರೆ ಅದು ನೀರಾನೆಯ ದಾರಿ. ನೀರಾನೆ ರಾತ್ರಿ ದಡಕ್ಕೆ ಬಂದು ಮೇದು ಬೆಳಗಾಗುವ ಹೊತ್ತಿಗೆ ನೀರಿಗೆ ಮರಳುತ್ತದೆ. ಅದಕ್ಕೂ ನೀರಿಗೂ ನಡುವೆ ನಿಂತವನ ಗತಿ ಕೆಟ್ಟಿತು. ಬೆಳ್ಳಗೆ ಸುಣ್ಣದಂತೆ ಒಣಗಿದ ಲದ್ದಿ ಕತ್ತೆಕಿರುಬನದು. ಅದು ಮೂಳೆ ತಿನ್ನುವ ಪ್ರಾಣಿ. ಕಾಡೆಮ್ಮೆ, ಅಂದರೆ ನಮ್ಮ ಕಾಟಿಯಲ್ಲ, ಆಫ್ರಿಕದ ಕಾಡೆಮ್ಮೆ, ಹಿಂಡಿನಲ್ಲಿದ್ದಾಗ ಸಾಮಾನ್ಯವಾಗಿ ದೂರ ಸರಿಯುತ್ತದೆ. ಹಿಂಡು ಬಿಟ್ಟು ಪೊದೆಯಲ್ಲಿ ಮಲಗಿರುವ ಮುದಿ ಗೂಳಿಯದೇ ಭಯ. ಅದರ ಮೈಮೇಲಿನ ಉಣುಗು ಹೆಕ್ಕುವ ಹಕ್ಕಿಗಳು ಕಿರುಚಿ ಮೇಲೆದ್ದರೆ, ಪೊದೆಯೊಳಗೆ ಎಮ್ಮೆಯಿದೆಯೆಂದು ತಿಳಿದವನು ಆ ಕ್ಷಣದಲ್ಲಿ ದಾರಿ ಬದಲಿಸುತ್ತಾನೆ. ತಿಳಿಯದವನು ಹಕ್ಕಿಯ ಫೋಟೋ ತೆಗೆಯುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದುದು ಗಾಳಿ. ಬೂದಿ ತುಂಬಿದ ಪುಟ್ಟ ಚೀಲವನ್ನು ಕೊಡವಿ, ಬೂದಿ ಎತ್ತ ಹಾರಿತೆಂದು ಮತ್ತೆ ಮತ್ತೆ ನೋಡುತ್ತಾರೆ. ಗಾಳಿ ಮುಖಕ್ಕೆ ಬೀಸುತ್ತಿರಬೇಕು. ಬೆನ್ನಿಗೆ ತಿರುಗಿತೋ, ನಮ್ಮ ವಾಸನೆ ನಮಗಿಂತ ಮೊದಲು ಆನೆಯ ಬಳಿಗೆ ಹೋಗಿ ಸಮಾಚಾರ ಮುಟ್ಟಿಸುತ್ತದೆ.

ನನ್ನ ಶಿಷ್ಯ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದ. ನಾನು, "ಸರಿಯಪ್ಪಾ, ನಿನಗೆ ಅಪಾಯವೇನಾದರೂ ಆಗಿತ್ತೆ?" ಎಂದು ಕೇಳಿದೆ. "ಏನೂ ಆಗಲಿಲ್ಲ ಮೇಷ್ಟ್ರೇ" ಎಂದ. ಮೂವತ್ತು ವರ್ಷ ಹುಡುಗರ ಮುಖ ನೋಡಿದವನು ನಾನು. 'ಏನೂ ಆಗಲಿಲ್ಲ' ಎಂಬುದರಲ್ಲಿ ಎಷ್ಟು ಬಗೆಯುಂಟೆಂದು ಬಲ್ಲೆ. ಸುಮ್ಮನೆ ಕಾಯುತ್ತ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದ.

ಮೂರನೆಯ ಬೆಳಗ್ಗೆ ಅವರು ಒಣಗಿದ ಹಳ್ಳವೊಂದನ್ನು ದಾಟಿ ಮೇಲೇರಿದಾಗ ಕಾವಲುಗಾರ ಕೈಯೆತ್ತಿದ. ಎಲ್ಲರೂ ನಿಂತರು. ಮುಂದೆ ಹುಣಸೆಯ ಮರದ ನೆರಳಲ್ಲಿ ಮೂರು ಆನೆ; ಒಂದರ ಹೊಟ್ಟೆಯ ಕೆಳಗೆ ಮರಿ. ಗಾಳಿ ಅನುಕೂಲವಾಗಿತ್ತು. ಆನೆಗಳಿಗೆ ಇವರ ಅರಿವಿರಲಿಲ್ಲ. ನನ್ನ ಶಿಷ್ಯನಿಗೆ ಮರಿ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದಿನವರ ಭುಜ ಅಡ್ಡ. ಅವನು ಸಾಲು ಬಿಟ್ಟು ಬಲಕ್ಕೆ ಎರಡು ಹೆಜ್ಜೆ ಇಟ್ಟ, ಕ್ಯಾಮರಾ ಎತ್ತಿದ. ಕಾಲಡಿಯಲ್ಲಿ ಒಣಕಡ್ಡಿ ಮುರಿಯಿತು.

ತಾಯಿ ಆನೆ ತಿರುಗಿತು. ಕಿವಿಗಳನ್ನು ಮೊರದಂತೆ ಅಗಲಿಸಿತು. ತಲೆ ಕೊಡವಿ, ಘೀಳಿಟ್ಟು ನಾಲ್ಕಾರು ಹೆಜ್ಜೆ ಮುಂದೆ ಬಂದು ಧೂಳೆಬ್ಬಿಸಿ ನಿಂತಿತು. ಕಾವಲುಗಾರ ಬಂದೂಕನ್ನು ಭುಜಕ್ಕೇರಿಸಿದ್ದ. ದಾರಿತೋರುವವನು ಕೈಯನ್ನು ಹಿಂದಕ್ಕೆ ಚಾಚಿ, ಒಬ್ಬೊಬ್ಬರನ್ನಾಗಿ, ಬೆನ್ನು ತೋರಿಸದೆ, ಹಳ್ಳದೊಳಕ್ಕೆ ಹಿಂದುಹಿಂದಾಗಿಯೇ ಇಳಿಸಿದ. ಆನೆ ನೋಡುತ್ತಲೇ ಇತ್ತು. ಆಮೇಲೆ ಮರಿಯನ್ನು ಸೊಂಡಿಲಿನಿಂದ ಒತ್ತಿಕೊಂಡು ಹೊರಟುಹೋಯಿತು. ಇವರು ಅರ್ಧಗಂಟೆ ಸುತ್ತು ಹಾಕಿ ಬಿಡಾರ ಸೇರಿದರು. ಅಷ್ಟೇ. ನಿಜವಾಗಿ ಏನೂ ಆಗಲಿಲ್ಲ.

ಸಂಜೆ ಬೆಂಕಿಯ ಮುಂದೆ ಕುಳಿತಾಗ ಇವನು ಕಾವಲುಗಾರನ ಹತ್ತಿರ ಹೋಗಿ ಕ್ಷಮೆ ಕೇಳಿದನಂತೆ. ಆತ ಬೈಯಲಿಲ್ಲ. "ಅವಳು ಇನ್ನೂ ಸ್ವಲ್ಪ ಮುಂದೆ ಬಂದಿದ್ದರೆ ನಾನು ಕೊಲ್ಲಬೇಕಾಗುತ್ತಿತ್ತು. ಆ ಮರಿ ಹಾಲು ಕುಡಿಯುವ ಮರಿ. ನೀವು ನಾಳೆ ಊರಿಗೆ ಹೋಗುತ್ತೀರಿ" ಎಂದನಂತೆ.

ಕೇಳುಗರೇ, ಈ ಮೂರು ವಾಕ್ಯಗಳು ನನ್ನ ಮನಸ್ಸಿನಲ್ಲಿ ನಾಟಿದವು. ಅಪಾಯವೆಂದರೆ ನಾವು ನಮ್ಮ ಅಪಾಯವನ್ನು ಮಾತ್ರ ಎಣಿಸುತ್ತೇವೆ. ಆ ತಾಯಿಯೂ ತನ್ನ ಮಗನ ಅಪಾಯವನ್ನೇ ಎಣಿಸಿದ್ದರು, ಅದು ಸಹಜ. ಆದರೆ ಆ ಬೆಳಗಿನ ಲೆಕ್ಕದಲ್ಲಿ ಮೂರು ಪ್ರಾಣಗಳಿದ್ದವು: ದುಡ್ಡು ಕೊಟ್ಟು ಬಂದ ಅತಿಥಿಯದು, ಸಂಬಳಕ್ಕಾಗಿ ಅವನಿಗೂ ಆನೆಗೂ ನಡುವೆ ನಿಂತವನದು, ಯಾರನ್ನೂ ಕರೆಯದೆ ತನ್ನ ಪಾಡಿಗೆ ಮರಿ ಸಾಕುತ್ತಿದ್ದ ಆನೆಯದು. ಎರಡು ಹೆಜ್ಜೆಗೆ ಈ ಮೂರರಲ್ಲಿ ಯಾವುದು ಬೇಕಾದರೂ ಬೆಲೆಯಾಗಬಹುದಿತ್ತು. ಆದ್ದರಿಂದ ನಡಿಗೆ ಚೆನ್ನಾಗಿ ನಡೆಯಿತೆಂಬುದಕ್ಕೆ ಗುರುತು ಎಷ್ಟು ಸಿಂಹ ಕಂಡಿತೆಂಬುದಲ್ಲ, ಬಂದೂಕು ಹೆಗಲಿನಿಂದ ಇಳಿಯಲಿಲ್ಲವೆಂಬುದು. ದಾರಿತೋರುವವರಲ್ಲಿಯೂ ಇದೇ ಮರ್ಯಾದೆಯ ಮಾತು: ಗುಂಡು ಹಾರಿಸಬೇಕಾಗಿ ಬಂತೆಂದರೆ ಅದಕ್ಕೆ ಮೊದಲೇ ಎಲ್ಲೋ ತಪ್ಪಿತ್ತು.

ಬಂದೂಕಿದೆಯಲ್ಲ, ಭಯವೇಕೆ ಎನ್ನುವವರಿಗೆ ಇನ್ನೂ ಒಂದು ಮಾತು. ಇಪ್ಪತ್ತು ಹೆಜ್ಜೆಯ ದೂರದಿಂದ ನುಗ್ಗುವ ಆನೆ ಎರಡು ಮೂರು ಕ್ಷಣಗಳಲ್ಲಿ ಮೈಮೇಲಿರುತ್ತದೆ. ಅಷ್ಟರಲ್ಲಿ ಅದರ ಮಿದುಳಿಗೇ ಗುರಿ ತಾಗಬೇಕು. ಬೇರೆಲ್ಲಿ ತಾಗಿದರೂ ಅದು ನಿಲ್ಲುತ್ತದೆಂಬ ಭರವಸೆಯಿಲ್ಲ. 2025ರಲ್ಲಿ ಗುಂಡು ಹಾರಿತ್ತು. ಆ ಇಬ್ಬರು ಉಳಿಯಲಿಲ್ಲ. ಅಲ್ಲಿ ಯಾರದಾದರೂ ತಪ್ಪಿತ್ತೆಂದು ಇಲ್ಲಿ ಕುಳಿತು ಹೇಳುವುದು ಸಲ್ಲದು. ಎಲ್ಲ ನಿಯಮ ಪಾಲಿಸಿದರೂ ಕಾಡು ಕಾಡೇ. ಅಪಾಯವನ್ನು ಕಡಿಮೆ ಮಾಡಬಹುದು, ಇಲ್ಲವೆನಿಸಲಾಗದು. ಇಲ್ಲವೆಂದು ಹೇಳುವ ಕಂಪನಿಯಿದ್ದರೆ ಅದರೊಡನೆ ಹೋಗಬಾರದು. ಇದರ ಜೊತೆಗೆ ಸೊಳ್ಳೆಯನ್ನೂ ಮರೆಯಬೇಡಿ. ಅದು ಮಲೇರಿಯದ ಸೀಮೆ. ಆನೆಗೆ ಹೆದರಿ, ವೈದ್ಯರು ಕೊಟ್ಟ ಗುಳಿಗೆಯನ್ನು ಮರೆಯುವವನು ವಿವೇಕಿಯಲ್ಲ. ಆಸ್ಪತ್ರೆ ದೂರ, ಕೆಲವೊಮ್ಮೆ ಪುಟ್ಟ ವಿಮಾನ ಬಂದು ರೋಗಿಯನ್ನು ಒಯ್ಯಬೇಕು.

ಬಂದೂಕಿಲ್ಲದೆ ನಡೆಸುವ ಕಾಡೂ ಇದೆ. ನೇಪಾಳದ ಚಿತ್ವನದಲ್ಲಿ ದಾರಿತೋರುವವರ ಕೈಯಲ್ಲಿರುವುದು ಒಂದು ದೊಣ್ಣೆ ಮಾತ್ರ. ತಂಡದ ಮುಂದೊಬ್ಬ, ಹಿಂದೊಬ್ಬ. ಅಲ್ಲಿ ಖಡ್ಗಮೃಗ ನುಗ್ಗಿದರೆ ನಿಲ್ಲಬೇಡಿ, ಮರವೇರಿ, ಇಲ್ಲವೆ ಅಂಕುಡೊಂಕಾಗಿ ಓಡಿ ಎಂದು ಹೇಳಿಕೊಡುತ್ತಾರೆ. ಸಿಂಹದ ಕಾಡಿನ ನಿಯಮ ಖಡ್ಗಮೃಗದ ಕಾಡಿಗೆ ಹೊಂದುವುದಿಲ್ಲ. ಒಂದು ಪುಸ್ತಕ ಓದಿ ಎಲ್ಲ ಕಾಡಿಗೂ ಪಂಡಿತನಾದೆನೆಂದು ತಿಳಿಯುವವನಿಗೆ ಇದೊಂದು ಪಾಠ.

ಹಾಗಾದರೆ ಇಷ್ಟು ಅಪಾಯದ ನಡುವೆ ನಡೆದು ಪಡೆಯುವುದೇನು? ಇದನ್ನೂ ಅವನನ್ನು ಕೇಳಿದೆ. ಆನೆ, ಸಿಂಹ ಎನ್ನುತ್ತಾನೆಂದು ಎಣಿಸಿದ್ದೆ. ಅವನು ಹೇಳಿದ್ದು ಬೇರೆ. "ಜೀಪಿನಲ್ಲಿ ಕುಳಿತಾಗ ದೊಡ್ಡ ಪ್ರಾಣಿ ಮಾತ್ರ ಕಾಣುತ್ತದೆ ಮೇಷ್ಟ್ರೇ. ನಡೆಯುವಾಗ ಸಣ್ಣದೆಲ್ಲ ಕಾಣುತ್ತದೆ." ಮರಳಿನಲ್ಲಿ ಆಲಿಕೆಯಂಥ ಗುಂಡಿ ತೋಡಿ, ತಳದಲ್ಲಿ ಅಡಗಿ ಇರುವೆಗಾಗಿ ಕಾಯುವ ಹುಳು. ಮನುಷ್ಯನನ್ನು ಕಂಡರೆ ಚಿಲಿಪಿಲಿಗುಟ್ಟುತ್ತ ಕೊಂಬೆಯಿಂದ ಕೊಂಬೆಗೆ ಹಾರಿ ಜೇನುಗೂಡಿನ ಬಳಿಗೆ ಕರೆದೊಯ್ಯುವ ಪುಟ್ಟ ಹಕ್ಕಿ. ಮನುಷ್ಯ ಗೂಡು ಒಡೆದರೆ ಉಳಿದ ಮೇಣ ಅದರ ಪಾಲು. ರಾತ್ರಿ ಆ ದಾರಿಯಲ್ಲಿ ಹೋದ ಚಿರತೆಯ ಹೆಜ್ಜೆ, ಅದರ ಮೇಲೆ ಬೆಳಗಿನ ಜಾವ ಹೋದ ಕಾಡುಕೋಳಿಯ ಹೆಜ್ಜೆ: ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ನೆಲವೇ ಹೇಳುತ್ತದೆ.

ಮರಗಳ ವಿಚಾರ ಕೇಳಿ ನನಗೇ ಆಶ್ಚರ್ಯವಾಯಿತು. ಉದ್ದ ಸೋರೆಕಾಯಿಯಂಥ ಕಾಯಿಗಳು ಹಗ್ಗದಲ್ಲಿ ಕಟ್ಟಿದಂತೆ ತೂಗುವ ಆನೆತೊರಡು ಕಾಯಿಯ ಮರವನ್ನು ನಮ್ಮ ಊರುಗಳ ಉದ್ಯಾನದಲ್ಲಿ ನೀವು ಕಂಡಿದ್ದೀರಿ. ಅದರ ತವರು ಆಫ್ರಿಕ. ಲುವಾಂಗ್ವದ ದಂಡೆಯಲ್ಲಿ ಅದು ತಾನಾಗಿ ಬೆಳೆಯುತ್ತದೆ. ಉದುರಿದ ಕೆಂಪು ಹೂವನ್ನು ತಿನ್ನಲು ಜಿಂಕೆಗಳು ಮರದ ಕೆಳಗೆ ಬರುತ್ತವೆ. ಸವಣೂರಿನ ಮಠದ ಬಳಿ ದೊಡ್ಡ ಹುಣಸೆಮರವೆಂದು ಪೂಜೆಗೊಳ್ಳುವ ಮೂರು ಮಹಾವೃಕ್ಷಗಳುಂಟಲ್ಲ, ಅವು ಆಫ್ರಿಕದ ಬೇವೊಬಾಬ್ ಮರಗಳು. ಅವುಗಳ ಬಂಧುಗಳು ಈ ಕಣಿವೆಯಲ್ಲಿವೆ. ನಮ್ಮ ಸಾರಿನ ಹುಣಸೆಯೂ ಹುಟ್ಟಿದ್ದು ಆಫ್ರಿಕದಲ್ಲೇ. ಅರಬ್ಬರು ಅದನ್ನು ನಮ್ಮಲ್ಲಿ ಕಂಡು 'ತಮರ್ ಹಿಂದ್', ಹಿಂದೂಸ್ಥಾನದ ಖರ್ಜೂರ, ಎಂದು ಹೆಸರಿಟ್ಟರು. ಹೆಸರು ನಮ್ಮದು, ಬೇರು ಅವರದು. ಆ ಬೆಳಗ್ಗೆ ಆನೆ ನಿಂತಿದ್ದ ನೆರಳು ನಮ್ಮ ಹಿತ್ತಲಿನ ನೆರಳೇ ಎಂದು ತಿಳಿದಾಗ ದೂರದ ಕಾಡು ಸ್ವಲ್ಪ ಹತ್ತಿರವಾಯಿತು.

ಇನ್ನೊಂದು ಲಾಭವನ್ನು ಅವನು ತಡವರಿಸುತ್ತ ಹೇಳಿದ. ಊರಿನಲ್ಲಿ ಕಿವಿಯಿದ್ದೂ ಕೇಳದ ಬದುಕು. ಅಲ್ಲಿ ಅರ್ಧ ದಿನ ಕಳೆಯುವಷ್ಟರಲ್ಲಿ ಕಿವಿ ತೆರೆಯಿತು, ಮೂಗು ತೆರೆಯಿತು. ತಾನು ಈ ಲೋಕದ ಯಜಮಾನನಲ್ಲ, ಹಲವರಲ್ಲಿ ಒಬ್ಬನೆಂದು ಮೈಗೇ ತಿಳಿಯಿತು ಎಂದ. ಉಮ್ಫೊಲೋಜಿಯ ನಡಿಗೆಯಲ್ಲಿ ಒಂದು ಪದ್ಧತಿಯುಂಟಂತೆ. ರಾತ್ರಿ ಬಯಲಲ್ಲಿ ಮಲಗಿದಾಗ ಪ್ರತಿಯೊಬ್ಬನೂ ಸರದಿಯ ಮೇಲೆ ಎದ್ದು, ಬೆಂಕಿಗೆ ಸೌದೆ ಒಟ್ಟಿ, ಮಲಗಿರುವವರ ಕಾವಲು ಕಾಯಬೇಕು. ಸುತ್ತ ಕತ್ತಲೆ, ದೂರದಲ್ಲಿ ಸಿಂಹದ ಗರ್ಜನೆ, ಏಳೆಂಟು ಜನರ ಪ್ರಾಣ ತನ್ನ ಎಚ್ಚರದ ಮೇಲೆ. ಹದಿನೆಂಟು ತುಂಬಿದ ನಮ್ಮ ಎಷ್ಟು ಹುಡುಗರಿಗೆ ಇಂಥ ಒಂದು ಗಂಟೆ ದೊರೆತಿದೆ? ಉಪಾಧ್ಯಾಯನಾದ ನನಗೆ ಅಸೂಯೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಲಾಭ ಅತಿಥಿಗೆ ಮಾತ್ರವಲ್ಲ. ಆ ಕಣಿವೆ ಕೆಟ್ಟ ದಿನಗಳನ್ನೂ ಕಂಡಿದೆ. 1970 ಮತ್ತು 1980ರ ದಶಕಗಳಲ್ಲಿ ಕಳ್ಳಬೇಟೆಗಾರರು ದಂತಕ್ಕಾಗಿ ಆನೆಗಳನ್ನು ಸಾವಿರಗಟ್ಟಲೆ ಕೊಂದರು. ಖಡ್ಗಮೃಗವಂತೂ ಅಲ್ಲಿ ಪೂರ್ತಿಯಾಗಿ ಅಳಿಸಿಹೋಯಿತು. 2003ರಿಂದ ಉತ್ತರ ಲುವಾಂಗ್ವಕ್ಕೆ ಹೊರಗಿನಿಂದ ತಂದು ಮತ್ತೆ ಬಿಡಬೇಕಾಯಿತು. ಕಾಡಂಚಿನ ರೈತನಿಗೆ ಆನೆಯೆಂದರೆ ಒಂದು ರಾತ್ರಿಯಲ್ಲಿ ಮುಸುಕಿನ ಜೋಳದ ಹೊಲ ತಿಂದುಹೋಗುವ ಶತ್ರು. ಅವನ ಮಗನಿಗೆ ಬಿಡಾರದಲ್ಲಿ ಕೆಲಸವಾದರೆ, ಅವನ ಊರಿನ ಶಾಲೆಗೆ ಮಾಡು ಬಂದರೆ, ಆ ಆನೆ ಬದುಕಿರುವುದಕ್ಕೆ ಅವನಿಗೂ ಒಂದು ಕಾರಣ ದೊರೆಯುತ್ತದೆ. ಎನ್ಸೆಫು ನಾಯಕನೊಡನೆ ಮಾಡಿಕೊಂಡ ಕರಾರಿನ ತಿರುಳು ಇದೇ. ಹಣ ಊರಿಗೆ ತಲುಪದೆ ನಡುವೆಯೇ ಇಂಗಿದರೆ ಮಾತ್ರ ಈ ನಡಿಗೆಯೂ ಶ್ರೀಮಂತರ ಒಂದು ವಿಲಾಸವಷ್ಟೇ ಆಗುತ್ತದೆ.

ನಮ್ಮ ಬಂಡೀಪುರ, ನಾಗರಹೊಳೆಗಳಲ್ಲಿ ಪ್ರವಾಸಿ ವಾಹನದಿಂದ ಕೆಳಗಿಳಿಯಕೂಡದು. ಅದು ಸರಿಯೆಂದೇ ನನಗೆ ತೋರುತ್ತದೆ. ಲುವಾಂಗ್ವದ ಬೇಸಿಗೆಯ ಬಯಲಲ್ಲಿ ದೂರದ ಆನೆ ಕಾಣುತ್ತದೆ. ನಮ್ಮ ಕಾಡಿನ ಲಂಟಾನದ ಪೊದೆಯಲ್ಲಿ ಹತ್ತು ಹೆಜ್ಜೆಯ ಆನೆಯೂ ಕಾಣುವುದಿಲ್ಲ. ಕೇರಳದ ಪೆರಿಯಾರಿನಲ್ಲಿ ಮಾತ್ರ ದಾರಿತೋರುವವರೊಡನೆ ನಡೆಯಲು ಅವಕಾಶವುಂಟು. ಅವರಲ್ಲಿ ಕೆಲವರು ಹಿಂದೆ ಕಳ್ಳಬೇಟೆ ಮಾಡುತ್ತಿದ್ದವರೆಂಬುದು ಗಮನಿಸಬೇಕಾದ ಸಂಗತಿ. ಆದರೆ ನಡೆದೇ ತೀರಬೇಕಾದವರು ನಮ್ಮಲ್ಲಿಯೂ ಇದ್ದಾರೆ. ಅರಣ್ಯದ ಕಾವಲುಗಾರರು, ಹುಲಿ ಗಣತಿಗೆ ಸಾಲು ಹಿಡಿದು ನಡೆಯುವವರು, ಕೊಡಗು ಹಾಸನಗಳ ಕಾಫಿ ತೋಟಕ್ಕೆ ಮಂಜಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸರು. ಅವರಿಗೆ ಮುಂದೆ ನಡೆಯುವ ಬಂದೂಕಿನವನಿಲ್ಲ, ಹಿಂದೆ ಚಹಾದವನೂ ಇಲ್ಲ. ಅಪಾಯವನ್ನು ರುಚಿ ನೋಡಲು ಹೋಗುವವನು, ಅಪಾಯವನ್ನೇ ದಿನವೂ ಉಣ್ಣುವವರನ್ನು ನೆನೆಯುವುದು ಒಳ್ಳೆಯದು.

ಒಂದು ವಾರ ಕಳೆಯಿತು. ನಾನು ಆ ತಾಯಿಗೆ ತೀರ್ಪು ಕೊಡಲಿಲ್ಲ. ಮಗನನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಕೊಟ್ಟೆ. ಮುಂದೆ ನಡೆಯುವವನು ಯಾರು, ಅವನಿಗೆ ಎಷ್ಟು ವರ್ಷದ ಅನುಭವ? 'ಇಂದು ಬೇಡ, ಹಿಂದಿರುಗೋಣ' ಎಂದು ಅವನು ಹೇಳಿದರೆ, ಕೊಟ್ಟ ದುಡ್ಡಿನ ಲೆಕ್ಕ ತೆಗೆಯದೆ ಹಿಂದಿರುಗುವೆಯಾ? ನಿನಗಾಗಿ ಒಂದು ಆನೆ ಸತ್ತರೆ ಆಮೇಲೆ ನಿನಗೆ ನಿದ್ರೆ ಬಂದೀತೆ?

ಆಕೆ ನಕ್ಕರು. "ಮುಂದೆ ನಡೆಯುವವನ ಮಾತು ಕೇಳುತ್ತಾನೆನ್ನುವ ನಂಬಿಕೆಯೇ ನನಗಿಲ್ಲ ಮೇಷ್ಟ್ರೇ. ನನ್ನ ಮಾತು ಯಾವತ್ತು ಕೇಳಿದ್ದಾನೆ?"

ಶಿಷ್ಯನಿಗೆ ಮಾತ್ರ ಒಂದು ಷರತ್ತು ಹಾಕಿದೆ: ಟಿಕೀಟು ಕೊಳ್ಳುವ ಮೊದಲು ಆ ಎರಡು ಹೆಜ್ಜೆಯ ವಿಚಾರವನ್ನು ತಾಯಿಗೂ ಹೆಂಡತಿಗೂ ನೀನೇ ಹೇಳಬೇಕು. ಮುಖ ಸಣ್ಣಗೆ ಮಾಡಿಕೊಂಡು ಹೋದ. ಹೇಳಿದನಂತೆ. ತಾಯಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಬೈಯುತ್ತಾರೆಂದು ಇವನು ಕಾದಿದ್ದ. ಕೊನೆಗೆ ಆಕೆ ಕೇಳಿದ್ದು ಇಷ್ಟು: "ಆ ಬಂದೂಕಿನವನಿಗೆ ಮಕ್ಕಳೆಷ್ಟೋ?"

ಇವನಿಗೆ ಗೊತ್ತಿರಲಿಲ್ಲ. ಐದು ದಿನ ಅವನ ಹಿಂದೆ ನಡೆದಿದ್ದರೂ ಕೇಳಿರಲಿಲ್ಲ.

"ಈ ಸಲ ಹೋದಾಗ ಮೊದಲು ಅದನ್ನು ಕೇಳು" ಎಂದರಂತೆ.